ದಾನದ ಕರಪತ್ರ: ‘ವಿಂಡೋ ಪೀರಿಯಡ್’‌ಗೆ ಏನನ್ನೋಣ?

ಗೆಳೆಯರೇ,

ಕಣ್ಣು, ಚರ್ಮ, ಮೂಳೆ ದಾನದ ಬಗ್ಗೆ ತೀರ್ಥಹಳ್ಳಿ, ಸಾಗರ ಕಡೆಯವರಿಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ‘ವಿಂಡೋ ಪೀರಿಯಡ್’ ಹತ್ರ ಬಂದು, ಕನ್ನಡದಲ್ಲಿ ಏನನ್ನಬೇಕೋ ತಿಳಿಯದೆ ಕೈ ನಿಂತಿದೆ.

ಸೋಂಕು ತಗುಲಿದ ದಿನದಿಂದ ರಕ್ತಪರೀಕ್ಷೆ ಅದನ್ನು ಹಿಡಿಯುವವರೆಗಿನ ಸಮಯ ಅದು. ಅಷ್ಟರೊಳಗೆ ದಾನಿ ತೀರಿಕೊಂಡರೆ ವರದಿ ‘ನೆಗೆಟಿವ್’ ಅನ್ನುತ್ತದೆ, ವೈರಸ್ ಒಳಗೇ ಇರುತ್ತದೆ. 1985ರಲ್ಲಿ ಅಮೆರಿಕದ ಒಬ್ಬ ದಾನಿಯ ವಿಷಯದಲ್ಲಿ ಹೀಗೇ ಆಯ್ತು. ಆಗಿನ ಎಚ್‌ಐವಿ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಅಂಗ ಪಡೆದ 4 ಜನರಿಗೂ, ಸಂಸ್ಕರಿಸದೆ ಫ್ರೀಜ್ ಮಾಡಿಟ್ಟ ಮೂಳೆ ಪಡೆದ 3 ಜನರಿಗೂ ಸೋಂಕು ತಗುಲಿತು. ಅದೇ ದಾನಿಯ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಭಾಗ) ಪಡೆದವರಿಗೆ ತಗುಲಲಿಲ್ಲ. ಈಗ ವೈರಸ್ಸಿನ ಅಂಶವನ್ನೇ ನೇರ ಹುಡುಕುವ ನ್ಯಾಟ್ ಪರೀಕ್ಷೆ ಇರುವುದರಿಂದ ಈ ಅವಧಿ ಚಿಕ್ಕದಾಗಿದೆ, ಪೂರ್ತಿ ಹೋಗಿಲ್ಲ. ಅದಕ್ಕೇ ದಾನಿಯ ಆರೋಗ್ಯ, ಜೀವನದ ಬಗ್ಗೆ ಮನೆಯವರನ್ನು ಅಷ್ಟೆಲ್ಲ ಕೇಳೋದು. ಸಾವಿನ ಮನೆಯಲ್ಲಿ ಆ ಪ್ರಶ್ನೆಗಳು ಚುಚ್ಚುತ್ತವೆ, ಹಾಗಾಗಿ ಕಾರಣ ಕರಪತ್ರದಲ್ಲೇ ಇರಬೇಕು ಅಂತ ನನ್ನ ಹಟ.

‘ಗವಾಕ್ಷಿ ಅವಧಿ’ ಬೇಡವೇ ಬೇಡ. ಗವಾಕ್ಷಿಯಲ್ಲಿ ಬೆಳಕು ಬರುತ್ತದೆ, ಇಲ್ಲಿ ಏನೂ ಕಾಣದಿರುವುದೇ ಸಮಸ್ಯೆ. ‘ಸೋಂಕು ಅಡಗಿರುವ ಅವಧಿ’ ಕೇಳಲು ಚೆನ್ನಾಗಿದೆ. ಆದರೆ ನಮ್ಮ ಕಡೆ ಮಂಗನ ಕಾಯಿಲೆ ಎಲ್ಲರಿಗೂ ಗೊತ್ತಲ್ವಾ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದದ್ದು. ಉಣುಗು ಕಚ್ಚಿ ಜ್ವರ ಬರೋಕೆ ಸಾಮಾನ್ಯವಾಗಿ 3ರಿಂದ 8 ದಿನ. ‘ಅಡಗಿರುವ’ ಅಂದ ಕೂಡಲೇ ಜನ ಆ ದಿನಗಳನ್ನೇ ನೆನೆಯುತ್ತಾರೆ. ಅದು ಜ್ವರ ಬರುವವರೆಗಿನ ಲೆಕ್ಕ, ನನಗೆ ಬೇಕಿರೋದು ಪರೀಕ್ಷೆಗೆ ಸಿಗುವವರೆಗಿನದು. ಎರಡನ್ನೂ ಕಲಸಿದರೆ ‘ಜ್ವರ ಇರಲಿಲ್ಲ, ಹಾಗಾದ್ರೆ ತೊಂದರೆ ಇಲ್ಲ’ ಅಂತ ಮನೆಯವರು ಸುಮ್ನೆ ಹೇಳಿಬಿಡಬಹುದು.

‘ಹೊಂಚುಗಾಲ’ ಕೂಡ ಹೊಳೆಯಿತು. ಚುರುಕಾಗಿದೆ, ಆದರೆ ಅದಕ್ಕೂ ಇದೇ ತೊಡಕು. ಸದ್ಯಕ್ಕೆ ‘ಪರೀಕ್ಷೆಗೆ ಸಿಗದ ಅವಧಿ’ ಅಂತ ಬರೆದಿಟ್ಟಿದ್ದೇನೆ. ಉದ್ದ ಜಾಸ್ತಿ, ಅರ್ಥ ಮಾತ್ರ ಜಾರುವುದಿಲ್ಲ. ಇದಕ್ಕಿಂತ ಚಿಕ್ಕದು ಯಾರ ಬಳಿಯಾದರೂ ಇದೆಯಾ? ಆಶಾ ಕಾರ್ಯಕರ್ತೆಯರು, ಲ್ಯಾಬಿನವರು ಮಾತಾಡುವಾಗ ಏನನ್ನುತ್ತಾರೆ?

ಹಾಗೇ ಇನ್ನೊಂದು. ಕಾರ್ನಿಯಾವನ್ನು ‘ಕಣ್ಣಿನ ಮುಂದಿನ ಪೊರೆ’ ಅಂದರೆ ಓದುಗರು ಪೊರೆ ಆಪರೇಷನ್ ಅಂದುಕೊಳ್ಳುತ್ತಾರೆ. ಕಾರ್ನಿಯಾ ಅಂತಲೇ ಬಿಡಲಾ?