ಪದಚರ್ಚೆ: ‘ಪ್ಯಾಟರ್ನ್ ಕಾಯಿನ್’ಗೆ ‘ಮಾದರಿ ನಾಣ್ಯ’ ಸಾಕೇ?

ನಾಣ್ಯ ಸಂಗ್ರಹದ ಬಗ್ಗೆ ಬರೆಯುವಾಗಲೆಲ್ಲ ಒಂದು ಪದ ಕಾಲಿಗೆ ತೊಡರುತ್ತದೆ. ಪ್ಯಾಟರ್ನ್ ಕಾಯಿನ್. ಎಲ್ಲರೂ ‘ಮಾದರಿ ನಾಣ್ಯ’ ಅಂತ ಬರೆದು ಮುಂದೆ ಹೋಗುತ್ತಾರೆ, ನಾನೂ ಅಷ್ಟೇ. ಆದರೆ ಈ ನಾಣ್ಯಗಳ ಹುಚ್ಚು ಹತ್ತಿದವರಿಗೆ ಯಾವುದು ರುಚಿಯೋ, ಅದೇ ಈ ಪದದಲ್ಲಿ ಸೋರಿಹೋಗಿದೆ ಅನ್ನಿಸುತ್ತದೆ. ನಿಮಗೇನು ತೋಚುತ್ತದೆ ಹೇಳಿ.

ವಿಷಯ ಇಷ್ಟು. ಹೊಸ ನಾಣ್ಯ ಹೊರಡಿಸುವ ಮುಂಚೆ ಟಂಕಸಾಲೆಯವರು ಕೆಲವನ್ನು ಅಚ್ಚುಹಾಕಿ ಮೇಲಿನವರಿಗೆ ತೋರಿಸುತ್ತಾರೆ. ಚಿತ್ರ ಚೆನ್ನಾಗಿದೆಯಾ, ಈ ಲೋಹ ಆದೀತಾ, ಈ ಅಳತೆ ಸರಿಯಾ ಅಂತ ನೋಡುವುದಕ್ಕೆ. ಒಪ್ಪಿದರೆ ಚಲಾವಣೆಗೆ ಬರುತ್ತದೆ. ಒಪ್ಪದಿದ್ದರೆ ಅಲ್ಲಿಗೇ ಮುಗಿಯಿತು. ಹಾಗೆ ತೋರಿಸಲಿಕ್ಕೆಂದು ಹೊಡೆದದ್ದೇ ಪ್ಯಾಟರ್ನ್.

ಈಗ ‘ಮಾದರಿ’ಯನ್ನು ನೋಡಿ. ಮಾದರಿ ಶಾಲೆ ಅಂದರೆ ಉಳಿದ ಶಾಲೆಗಳು ನೋಡಿ ಕಲಿಯಬೇಕಾದದ್ದು. ಮಾದರಿ ಪ್ರಶ್ನೆಪತ್ರಿಕೆ ಅಂದರೆ ನಿಜವಾದ ಪತ್ರಿಕೆ ಹೀಗಿರುತ್ತದೆ ಅಂತ ತೋರಿಸುವುದು. ಎರಡರಲ್ಲೂ ಒಂದು ಭರವಸೆ ಇದೆ: ನಿಜವಾದದ್ದು ಇದರಂತೆಯೇ ಇರುತ್ತದೆ, ಅಥವಾ ಇರಬೇಕು. ಪ್ಯಾಟರ್ನ್‌ಗಳಲ್ಲಿ ಎಷ್ಟೋ ಸಲ ಆ ನಿಜವಾದದ್ದು ಬರಲೇ ಇಲ್ಲ! ಅದೇ ಅದರ ಸೊಗಸು. ಇನ್ನೊಂದು ತೊಂದರೆ ಒಂದು ‘ಯ’ಕಾರದ್ದು. ‘ಅಪರೂಪದ ಮಾದರಿಯ ನಾಣ್ಯ’ ಅಂತ ಬರೆದುಬಿಟ್ಟರೆ ‘ಅಪರೂಪದ ತರಹದ ನಾಣ್ಯ’ ಅಂತಷ್ಟೇ ಅರ್ಥವಾಗುತ್ತದೆ. ಅನುವಾದಗಳಲ್ಲಿ ಇದು ಸಾಮಾನ್ಯ.

ಉದಾಹರಣೆ ಕೊಟ್ಟರೆ ನನ್ನ ತಕರಾರು ಇನ್ನೂ ಸ್ಪಷ್ಟವಾದೀತು. 1663ರಲ್ಲಿ ಇಂಗ್ಲೆಂಡಿನ ಅಚ್ಚು ಕೆತ್ತುವ ಥಾಮಸ್ ಸೈಮನ್ ಒಂದು ಕ್ರೌನ್, ಅಂದರೆ ಐದು ಶಿಲಿಂಗಿನ ಬೆಳ್ಳಿ ನಾಣ್ಯ, ಮಾಡಿದ. ಅವನು ಮುಂಚೆ, ರಾಜನಿಲ್ಲದ ಕಾಲದಲ್ಲಿ ದೇಶ ಆಳಿದ ಕ್ರಾಮ್‌ವೆಲ್‌ಗೂ ಕೆಲಸ ಮಾಡಿದವನು. ಎರಡನೇ ಚಾರ್ಲ್ಸ್ ಪಟ್ಟಕ್ಕೆ ಬಂದ ಮೇಲೆ ಹೊಸ ನಾಣ್ಯದ ಕೆಲಸ ಆಂಟ್‌ವರ್ಪ್‌ನಿಂದ ಬಂದ ರೋಟಿಯರ್ ಮನೆತನದವರ ಪಾಲಾಯಿತು. ಸೈಮನ್ ಏನು ಮಾಡಿದ ಗೊತ್ತಾ? ರಾಜನಿಗೆ ಬರೆಯುವ ಅರ್ಜಿಯನ್ನು ನಾಣ್ಯದ ಅಂಚಿನ ಮೇಲೇ ಬರೆದ. ಮುಖದ ಮೇಲಲ್ಲ, ಬೆನ್ನಿನ ಮೇಲಲ್ಲ, ಪಕ್ಕದ ಆ ಸಣ್ಣ ಅಂಚಿನ ಮೇಲೆ, ಎರಡು ಸಾಲಿನಲ್ಲಿ. ‘ನನ್ನ ಈ ಪರೀಕ್ಷೆಯ ತುಂಡನ್ನು ಡಚ್ಚರದರ ಜೊತೆ ಹೋಲಿಸಿ ನೋಡಿ, ಇದು ಹೆಚ್ಚು ಚೆನ್ನಾಗಿ ಕೆತ್ತಿದ್ದರೆ ನನ್ನನ್ನು ಕಾಪಾಡಿ’ ಅನ್ನುವ ಧಾಟಿ. ಅಕ್ಷರಗಳು ನೂರೈವತ್ತಕ್ಕೂ ಜಾಸ್ತಿ. ನಾಣ್ಯವನ್ನು ಬೆರಳಲ್ಲಿ ತಿರುಗಿಸುತ್ತಾ ಓದಬೇಕು. (ಆಂಟ್‌ವರ್ಪ್ ಈಗ ಬೆಲ್ಜಿಯಂನಲ್ಲಿದೆ. ಸಿಟ್ಟಿನಲ್ಲಿದ್ದ ಸೈಮನ್ ರೋಟಿಯರ್‌ಗಳನ್ನು ಡಚ್ಚರು ಅಂದುಬಿಟ್ಟ.) ರಾಜ ಮನಸ್ಸು ಬದಲಿಸಲಿಲ್ಲ. 1665ರಲ್ಲಿ ಸೈಮನ್ ತೀರಿಕೊಂಡ. ಇವತ್ತು ಆ ನಾಣ್ಯಕ್ಕೆ ‘ಅರ್ಜಿಯ ಕ್ರೌನ್’ ಅಂತಲೇ ಹೆಸರು. ಇದನ್ನು ಸುಮ್ನೆ ‘ಮಾದರಿ’ ಅಂದರೆ ಏನು ತಿಳಿಯುತ್ತದೆ ಹೇಳಿ.

1879ರ ಅಮೆರಿಕದ ಸ್ಟೆಲ್ಲಾ ಇನ್ನೊಂದು ತರಹ. ನಾಲ್ಕು ಡಾಲರಿನ ಚಿನ್ನದ ನಾಣ್ಯ. ಯುರೋಪಿನ ಚಿನ್ನದ ನಾಣ್ಯಗಳಿಗೆ ಹೊಂದುವಂತೆ ಒಂದು ನಾಣ್ಯ ಇದ್ದರೆ ವ್ಯಾಪಾರಕ್ಕೆ ಸುಲಭ ಅನ್ನುವ ಲೆಕ್ಕಾಚಾರದಲ್ಲಿ ಹುಟ್ಟಿದ್ದು. ಬೆನ್ನಿನ ಮೇಲೆ ದೊಡ್ಡ ನಕ್ಷತ್ರ. ಮುಖದ ಸುತ್ತ ಪುಟ್ಟ ನಕ್ಷತ್ರಗಳ ನಡುವೆ ಒಂದೊಂದೇ ಅಕ್ಷರ: 6 ಜಿ, .3 ಎಸ್, .7 ಸಿ, 7 ಗ್ರಾಮ್ಸ್. ಆರು ಗ್ರಾಂ ಚಿನ್ನ, ಉಳಿದದ್ದು ಬೆಳ್ಳಿ ಮತ್ತು ತಾಮ್ರ. ತನ್ನ ಪಾಕವನ್ನು ತಾನೇ ಒಪ್ಪಿಸುವ ನಾಣ್ಯ! ಅಲ್ಲಿನ ಸಂಸತ್ತು, ಕಾಂಗ್ರೆಸ್, ಒಪ್ಪಲಿಲ್ಲ. 1880ರ ಇಸವಿಯ ಕೆಲವಾದ ಮೇಲೆ ಕಥೆ ಮುಗಿಯಿತು.

ಎಂಟನೇ ಎಡ್ವರ್ಡನದು ಇನ್ನೂ ಮಜಾ. ಬ್ರಿಟನ್ನಿನಲ್ಲಿ ಒಬ್ಬ ರಾಜ ಬಲಕ್ಕೆ ನೋಡಿದರೆ ಮುಂದಿನವನು ಎಡಕ್ಕೆ ನೋಡಬೇಕು, ನಾಣ್ಯದ ಮೇಲೆ ಅದು ರೂಢಿ. ಎಡ್ವರ್ಡ್ ಬಲಕ್ಕೆ ನೋಡಬೇಕಿತ್ತು. ತನ್ನ ಎಡ ಮಗ್ಗುಲೇ ಚೆಂದ ಅಂತ ಹಟ ಹಿಡಿದು ಎಡಕ್ಕೇ ನೋಡಿಸಿಕೊಂಡ. 1936ರ ಡಿಸೆಂಬರಿನಲ್ಲಿ ಸಿಂಹಾಸನ ಬಿಟ್ಟ. 1937ರ ಇಸವಿ ಹೊತ್ತ ನಾಣ್ಯಗಳು ಪ್ಯಾಟರ್ನ್ ಹಂತದಲ್ಲೇ ನಿಂತವು. ಹನ್ನೆರಡು ಮೂಲೆಯ ಮೂರು ಪೆನ್ನಿ ಕೆಲವು ಮಾತ್ರ ಹೊರಗೆ ಹೋಗಿದ್ದವು. ಕಾಸು ಹಾಕಿದರೆ ಸಾಮಾನು ಕೊಡುವ ಯಂತ್ರಗಳಲ್ಲಿ ಅದು ಹಿಡಿಸುತ್ತದಾ ಅಂತ ನೋಡಲು ಕೊಟ್ಟಿದ್ದು. ಅದರಲ್ಲಿ ಕೆಲವು ವಾಪಸ್ ಬರಲಿಲ್ಲ. ಸಂಗ್ರಹಕಾರರ ಬಾಯಲ್ಲಿ ನೀರೂರುವುದು ಅವಕ್ಕೇ. ಆಮೇಲೆ ಬಂದ ಆರನೇ ಜಾರ್ಜ್ ಕೂಡ ಎಡಕ್ಕೇ ನೋಡಿದ, ಅಣ್ಣ ಬಲಕ್ಕೆ ನೋಡಿದ್ದನೇನೋ ಅನ್ನುವ ಹಾಗೆ.

ಇಂಥವನ್ನು ಕೂಡಿಡುವುದರ ಸೆಳೆತ ಬರೀ ಸಂಖ್ಯೆ ಕಡಿಮೆ ಅನ್ನುವುದರಲ್ಲಿಲ್ಲ. 1974ರ ಇಸವಿಯ ಅಮೆರಿಕದ ಅಲ್ಯೂಮಿನಿಯಂ ಸೆಂಟ್ 15 ಲಕ್ಷಕ್ಕೂ ಜಾಸ್ತಿ ಅಚ್ಚಾಗಿತ್ತು. ತಾಮ್ರ ದುಬಾರಿಯಾಗಿತ್ತು ಅಂತ ಆ ಯೋಚನೆ. ಕಾಸು ಹಾಕುವ ಯಂತ್ರಗಳವರು ಬೇಡ ಅಂದರು. ಮಕ್ಕಳು ನುಂಗಿದರೆ ಎಕ್ಸ್‌ರೇಯಲ್ಲಿ ಕಾಣುವುದು ಕಷ್ಟ ಅಂತ ವೈದ್ಯರೂ ಬೇಡ ಅಂದರು. ಹೆಚ್ಚುಕಮ್ಮಿ ಎಲ್ಲವನ್ನೂ ಕರಗಿಸಿದರು. ಉಳಿದದ್ದು ಸರ್ಕಾರದ ಸ್ವತ್ತು ಅನ್ನುವುದು ಅಲ್ಲಿನ ಸರ್ಕಾರದ ವಾದ. ಕೈಗೆ ಸಿಕ್ಕರೂ ಇಟ್ಟುಕೊಳ್ಳುವ ಹಾಗಿಲ್ಲ. ಈ ಅರ್ಧಕ್ಕೇ ನಿಂತ ಚರಿತ್ರೆ ಇದೆಯಲ್ಲ, ‘ಆಗಬಹುದಿತ್ತು, ಆಗಲಿಲ್ಲ’ ಅನ್ನುವುದು, ಅದಕ್ಕೇ ಜನ ಬೀಳುವುದು.

ಹಾಗಾದರೆ ಪದ? ‘ತಿರಸ್ಕೃತ ನಾಣ್ಯ’ ಆಗುವುದಿಲ್ಲ. ಒಪ್ಪಿಗೆಯಾದ ಪ್ಯಾಟರ್ನ್‌ಗಳೂ ಇವೆ. ಅಮೆರಿಕದ ಹಾರುವ ಹದ್ದಿನ ಸೆಂಟ್ 1856ರಲ್ಲಿ ಪ್ಯಾಟರ್ನ್, 1857ರಲ್ಲಿ ಕಾನೂನು ಬಂದ ಮೇಲೆ ಚಲಾವಣೆಯ ನಾಣ್ಯ.

ಬೇರೆ ಭಾಷೆಗಳು ಪರೀಕ್ಷೆಯ ಪದ ಹಿಡಿದಿವೆ. ಫ್ರೆಂಚ್ ನಾಣ್ಯಗಳ ಮೇಲೆ ‘ಎಸ್ಸೆ’, ಇಟಲಿಯವುಗಳ ಮೇಲೆ ‘ಪ್ರೋವ’, ಪೋಲೆಂಡಿನವುಗಳ ಮೇಲೆ ‘ಪ್ರುಬಾ’ ಅಂತ ನೇರವಾಗಿ ಅಚ್ಚಾಗಿರುತ್ತದೆ. ಆ ದಾರಿಯಲ್ಲಿ ಹೋದರೆ ನಮ್ಮಲ್ಲಿ ‘ಒರೆ’ ಇದೆ. ‘ಒರೆನಾಣ್ಯ’, ಕೇಳಲು ಏನು ಚೆನ್ನಾಗಿದೆ! ಆದರೆ ಒರೆಗೆ ಹಚ್ಚುವುದು ಚಿನ್ನದ ಶುದ್ಧತೆಯನ್ನು. ಪ್ಯಾಟರ್ನ್‌ನಲ್ಲಿ ಪರೀಕ್ಷೆಗೆ ನಿಲ್ಲುವುದು ಮುಖ್ಯವಾಗಿ ಚಿತ್ರ ಮತ್ತು ಯೋಚನೆ. ಓದುಗ ದಾರಿ ತಪ್ಪುತ್ತಾನೆ.

ನನಗೆ ಹೆಚ್ಚು ಹಿಡಿಸಿದ್ದು ‘ಕರಡು ನಾಣ್ಯ’. ಕರಡು ಮಸೂದೆ ಇದ್ದ ಹಾಗೆ. ಪಾಸಾಗಬಹುದು, ಬಿದ್ದುಹೋಗಬಹುದು, ತಿದ್ದುಪಡಿಯಾಗಬಹುದು. ಪ್ಯಾಟರ್ನ್‌ನ ಹಣೆಬರಹ ನಿಖರವಾಗಿ ಅದೇ ಅಲ್ವಾ? ತೊಡಕು ಎರಡು. ಒಂದು, ಕರಡು ಅಂದಕೂಡಲೇ ಒರಟು, ಅರೆಬರೆ ಅನ್ನುವ ನೆರಳು ಬೀಳುತ್ತದೆ. ಪ್ಯಾಟರ್ನ್‌ಗಳೋ ಎಷ್ಟೋ ಸಲ ಚಲಾವಣೆಯ ನಾಣ್ಯಕ್ಕಿಂತ ನಾಜೂಕು. ಎರಡನೆಯದು ದೊಡ್ಡದು. ಮುದ್ರಣದಲ್ಲಿ ಪ್ರೂಫ್‌ಗೆ ನಾವು ಕರಡಚ್ಚು ಅನ್ನುತ್ತೇವೆ. ನಾಣ್ಯಲೋಕದಲ್ಲಿ ಪ್ರೂಫ್ ಅಂದರೆ ತಿದ್ದಲಿಕ್ಕಿರುವ ಪ್ರತಿ ಅಲ್ಲವೇ ಅಲ್ಲ. ಹೊಳಪು ಕೊಟ್ಟ ಅಚ್ಚು ಮತ್ತು ಬಿಲ್ಲೆಯಿಂದ ವಿಶೇಷವಾಗಿ ಹೊಡೆದ ನಾಣ್ಯ, ಅದು ತಯಾರಿಕೆಯ ವಿಧಾನದ ಹೆಸರು. ಪ್ಯಾಟರ್ನ್ ಅನ್ನುವುದು ಉದ್ದೇಶದ ಹೆಸರು. ಒಂದೇ ನಾಣ್ಯ ಎರಡೂ ಆಗಿರಬಹುದು. ಯಾರಾದರೂ ಪ್ರೂಫ್ ನಾಣ್ಯವನ್ನೂ ‘ಕರಡು’ ಅಂತ ಬರೆದರೆ ಗೊಂದಲ ಗ್ಯಾರಂಟಿ. ನನ್ನ ಮಟ್ಟಿಗೆ ಪ್ರೂಫ್ ಅನ್ನು ಪ್ರೂಫ್ ಅಂತಲೇ ಬಿಟ್ಟು ಕರಡನ್ನು ಪ್ಯಾಟರ್ನ್‌ಗೆ ಕೊಡುವುದು ಮೇಲು.

‘ನಾಣ್ಯ’ ಅನ್ನಬಹುದಾ ಅನ್ನುವುದೂ ಒಂದು ಪ್ರಶ್ನೆ. ಚಲಾವಣೆಗೇ ಬಾರದ್ದನ್ನು ಬಿಲ್ಲೆ ಅನ್ನುವುದು ನ್ಯಾಯ. ಸೈಮನ್ ಕೂಡ ತನ್ನದನ್ನು ತುಂಡು ಅಂತಲೇ ಕರೆದ. ಆದರೆ ಅಷ್ಟು ದುಡ್ಡು ಸುರಿದು ಕೊಂಡವರ ಎದುರು ‘ಬಿಲ್ಲೆ’ ಅಂದು ನೋಡಿ!

ಈಗ ಕೇಳುವುದು ಎರಡೇ. ‘ಕರಡು ನಾಣ್ಯ’ ಓದಿದಾಗ ನಿಮಗೆ ಮೊದಲು ಹೊಳೆಯುವ ಅರ್ಥ ಯಾವುದು? ಮತ್ತೆ, ಎರಕದವರು, ಅಕ್ಕಸಾಲಿಗರು, ಅಚ್ಚು ಕೆತ್ತುವವರು ಗಿರಾಕಿಗೆ ತೋರಿಸಲು ಮೊದಲು ಮಾಡುವ ಒಂದೇ ಒಂದು ತುಂಡಿಗೆ ತಮ್ಮ ತಮ್ಮಲ್ಲಿ ಬಳಸುವ ಮಾತು ಯಾರಿಗಾದರೂ ಗೊತ್ತಾ? ಅಲ್ಲಿ ಇನ್ನೂ ಒಳ್ಳೆಯದು ಸಿಕ್ಕರೆ ಕರಡನ್ನು ಬಿಡಲು ನಾನು ತಯಾರು.