1, 2, 4, 8, 16 ಆದ ಮೇಲೆ 32 ಯಾಕೆ ಬರಲಿಲ್ಲ?

ಬಿಂದುರೇಖೆ:
ನಮಸ್ಕಾರ. ಮಗಳು ಒಂಬತ್ತನೇ ತರಗತಿ. ಅವಳ ಜೊತೆ ಕೂತು ನಾನೂ ರೇಖಾಗಣಿತವನ್ನು ಮೊದಲಿಂದ ಕಲಿಯುತ್ತಿದ್ದೇನೆ. ನಿನ್ನೆ ಒಂದು ಲೆಕ್ಕ ಹಿಡಿದು ಕೂತವರು ರಾತ್ರಿ ಹನ್ನೊಂದಾದರೂ ಏಳಲಿಲ್ಲ.

ವೃತ್ತದ ಮೇಲೆ ಬಿಂದುಗಳನ್ನಿಟ್ಟು, ಪ್ರತಿ ಎರಡು ಬಿಂದುಗಳ ನಡುವೆ ಗೆರೆ ಎಳೆದು, ವೃತ್ತ ಎಷ್ಟು ತುಂಡಾಯಿತು ಎಂದು ಎಣಿಸಬೇಕು. ಒಂದು ಬಿಂದು ಇದ್ದರೆ ವೃತ್ತ ಇಡೀ 1 ತುಂಡು. ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರನೆಯ ಚಿತ್ರ ಬರೆಯುವ ಮೊದಲೇ ಮಗಳು ಪಕ್ಕದಲ್ಲಿ 32 ಎಂದು ಬರೆದಿಟ್ಟಳು. ನನಗೂ ಅನುಮಾನ ಇರಲಿಲ್ಲ.

ಎಣಿಸಿದರೆ 30. ಒಂದೊಂದು ತುಂಡಿಗೂ ಬಣ್ಣ ಹಚ್ಚಿ ಮತ್ತೆ ಎಣಿಸಿದೆವು, ಆಗಲೂ 30. ಅವಳು ಬೇರೆ ಹಾಳೆಯಲ್ಲಿ ಸುಮ್ನೆ ಕೈಯಲ್ಲೇ ಬರೆದ ವೃತ್ತದಲ್ಲಿ 31 ಬಂತು. 32 ಮಾತ್ರ ಎಲ್ಲೂ ಇಲ್ಲ. ಯಾವುದು ಸರಿ? ಐದು ಉದಾಹರಣೆ ಸಾಲದಿದ್ದರೆ ಎಷ್ಟು ಬೇಕು? "ಹಾಗಾದ್ರೆ ಊಹೆ ಮಾಡೋದೇ ತಪ್ಪಾ ಅಪ್ಪಾ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಕೈವಾರ:
30 ಬಂದ ಚಿತ್ರದಲ್ಲಿ ಆರು ಬಿಂದುಗಳನ್ನೂ ಸಮ ದೂರದಲ್ಲಿ ಇಟ್ಟಿದ್ದೀರಿ, ಅಲ್ವಾ? ಆಗ ಎದುರುಬದುರಿನ ಬಿಂದುಗಳನ್ನು ಸೇರಿಸುವ ಮೂರು ಗೆರೆಗಳೂ ಕೇಂದ್ರದಲ್ಲೇ ಒಟ್ಟಿಗೆ ಹಾಯುತ್ತವೆ. ಒಂದು ಬಿಂದುವನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಗೆರೆಗಳನ್ನು ಮತ್ತೆ ಎಳೆಯಿರಿ. ನಡುವೆ ಪೆನ್ಸಿಲ್ ಮೊನೆಯಷ್ಟು ಸಣ್ಣ ತ್ರಿಭುಜ ಬಾಯಿ ಬಿಡುತ್ತದೆ. 31ನೆಯ ತುಂಡು ಅದೇ. ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ನಿಮ್ಮ ಊಹೆಗೆ ಈ ಆರು ಬಿಂದುಗಳೇ ಪ್ರತ್ಯುದಾಹರಣೆ, ಅಂದರೆ ಊಹೆಯನ್ನು ಬೀಳಿಸುವ ಉದಾಹರಣೆ. ಒಂದು ಸಿಕ್ಕರೆ ಮುಗಿಯಿತು, ಎರಡನೆಯದನ್ನು ಹುಡುಕಬೇಕಿಲ್ಲ.

ಸಂಜೆಪಾಠ:
ಯಾಕೆ 31 ಎಂದು ನೋಡಿದರೆ ಇನ್ನೂ ಚೆನ್ನಾಗಿದೆ. ಗೆರೆಗಳನ್ನು ಒಂದೊಂದಾಗಿ ಎಳೆಯಿರಿ. ಹೊಸ ಗೆರೆ ಒಂದು ತುಂಡನ್ನಂತೂ ಹೆಚ್ಚಿಸುತ್ತದೆ. ದಾರಿಯಲ್ಲಿ ಹಳೆಯ ಗೆರೆಯನ್ನು ದಾಟಿದಾಗೆಲ್ಲ ಇನ್ನೊಂದು. ಅಂದರೆ ಮೂರು ಗೆರೆ ಒಂದೇ ಕಡೆ ಸೇರದಿದ್ದರೆ, ತುಂಡುಗಳು = 1 + ಗೆರೆಗಳು + ಗೆರೆಗಳು ದಾಟುವ ಜಾಗಗಳು.

ದಾಟುವ ಜಾಗ ಎಷ್ಟು? ವೃತ್ತದ ಮೇಲಿನ ಯಾವುದೇ ನಾಲ್ಕು ಬಿಂದು ತೆಗೆದುಕೊಂಡರೆ ಒಂದು ಚತುರ್ಭುಜ ಆಗುತ್ತದೆ. ಅದರ ಎರಡು ಕರ್ಣಗಳು, ಅಂದರೆ ಎದುರು ಮೂಲೆಗಳನ್ನು ಸೇರಿಸುವ ಗೆರೆಗಳು, ಒಂದು ಸಲ ದಾಟುತ್ತವೆ. ಆರು ಬಿಂದುಗಳಲ್ಲಿ ನಾಲ್ಕನ್ನು ಆರಿಸಲು 15 ದಾರಿ. ಗೆರೆಗಳೂ 15. ಒಟ್ಟು 1 + 15 + 15 = 31. ಐದು ಬಿಂದುಗಳಿಗೆ 1 + 10 + 5, ಅಂದರೆ 16. ಇಲ್ಲಿ ಎಲ್ಲೂ "ಎರಡರಷ್ಟು" ಎಂಬ ನಿಯಮ ಕೆಲಸ ಮಾಡುತ್ತಿಲ್ಲ. ಐದರವರೆಗೆ ಎರಡೂ ದಾರಿ ಜೊತೆಗಿದ್ದವು, ಅಷ್ಟೇ. ಏಳಕ್ಕೆ 57. ಹತ್ತಕ್ಕೆ ಮತ್ತೆ 256 ಬರುತ್ತದೆ, ಎರಡರ ಎಂಟನೆಯ ಘಾತ! ಆದರೆ ನಿಮ್ಮ ಊಹೆಯ ಪ್ರಕಾರ ಅಲ್ಲಿ 512 ಇರಬೇಕಿತ್ತು.

ಬಿಂದುರೇಖೆ:
ಸರಿಸಿ ನೋಡಿದೆವು. ತ್ರಿಭುಜ ಕಂಡ ಕೂಡಲೇ ಅವಳು ಅದಕ್ಕೆ ಕೆಂಪು ಬಣ್ಣ ಹಚ್ಚಿದಳು. ಆದರೆ "ಎಷ್ಟು ಉದಾಹರಣೆ ಸಾಕು" ಎಂಬುದು ಇನ್ನೂ ಉಳಿದಿದೆ.

ಸಂಜೆಪಾಠ:
ಎಷ್ಟಾದರೂ ಸಾಲದು. ಉದಾಹರಣೆಗಳಿಂದ ನಿಯಮಕ್ಕೆ ಹೋಗುವ ಅನುಗಮನದಿಂದ ಊಹೆ ಹುಟ್ಟುತ್ತದೆ, ಸಾಧನೆ (ಎಲ್ಲ ಸಲವೂ ನಿಜ ಎಂದು ತರ್ಕದಿಂದ ತೋರಿಸುವುದು) ಹುಟ್ಟುವುದಿಲ್ಲ. ಆದರೆ ಊಹೆ ಇಲ್ಲದೆ ಏನನ್ನು ಸಾಧಿಸುತ್ತೀರಿ? ಹಾಗಾಗಿ ಮಗಳಿಗೆ "ತಪ್ಪಲ್ಲ" ಎಂದೇ ಹೇಳಿ.

ಎಣಿಕೆಗಿಂತ ಮುಖ್ಯ, ಯಾವ ಉದಾಹರಣೆ ಎನ್ನುವುದು. ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳು ಒಮ್ಮೆ "ಕರ್ಣಗಳು ಸಮ ಇದ್ದರೆ ಅದು ಆಯತ" ಎಂದರು. ಹತ್ತು ಚಿತ್ರ ಅಳೆದಿದ್ದರು. ಹತ್ತೂ ಅವರೇ ಬರೆದ ಆಯತಗಳು! ನಾನು ಒಂದೇ ಉದ್ದದ ಎರಡು ಕಡ್ಡಿ ಕೊಟ್ಟೆ. ಎಲ್ಲಿ ಬೇಕಾದರೂ ಅಡ್ಡ ಇಡಿ, ತುದಿಗಳನ್ನು ಸೇರಿಸಿ ಎಂದೆ. ಒಬ್ಬಳಿಗೆ ತ್ರಾಪಿಜ್ಯ ಬಂತು, ಇನ್ನೊಬ್ಬನಿಗೆ ಯಾವ ಬಾಹುವೂ ಸಮಾಂತರವಲ್ಲದ ಚತುರ್ಭುಜ. ಆಮೇಲೆ ಅವರೇ ಊಹೆಯನ್ನು ತಿದ್ದಿದರು: ಕಡ್ಡಿಗಳು ಎರಡರ ಮಧ್ಯದಲ್ಲೂ ದಾಟಬೇಕು. ಇದನ್ನು ಸಾಧಿಸಬಹುದು. ದಾಟುವ ಜಾಗದಿಂದ ನಾಲ್ಕು ತುದಿಗಳೂ ಸಮ ದೂರ, ಅಂದರೆ ಅವು ಒಂದೇ ವೃತ್ತದ ಮೇಲಿವೆ. ಕಡ್ಡಿಗಳು ಅದರ ವ್ಯಾಸಗಳು. ಅರ್ಧವೃತ್ತದಲ್ಲಿನ ಕೋನ 90 ಡಿಗ್ರಿ, ಹಾಗಾಗಿ ನಾಲ್ಕು ಮೂಲೆಯೂ ಲಂಬಕೋನ, ಅದು ಆಯತವೇ.

ಕೈವಾರ:
ದೊಡ್ಡವರ ಊಹೆಯೂ ಬೀಳುತ್ತದೆ ಎಂದು ಮಗಳಿಗೆ ಹೇಳಿ. ಒಳಕ್ಕೆ ತಗ್ಗಿಲ್ಲದ ಒಂದೇ ತರದ ಪಂಚಭುಜಗಳಿಂದ, ಸಂದಿ ಬಿಡದೆ ನೆಲ ತುಂಬಲು ಎಂಟು ಬಗೆ ಮಾತ್ರ ಎಂದು 1968ರಲ್ಲಿ ಕರ್ಶ್ನರ್ ಎಂಬ ಗಣಿತಜ್ಞರು ಹೇಳಿದ್ದರು. 1975ರಲ್ಲಿ ಒಂಬತ್ತನೆಯದು ಸಿಕ್ಕಿತು. ಮುಂದಿನ ಒಂದೆರಡು ವರ್ಷಗಳಲ್ಲಿ ಮಾರ್ಜರಿ ರೈಸ್ ಎಂಬ ಗೃಹಿಣಿ ಇನ್ನೂ ನಾಲ್ಕು ಹುಡುಕಿದರು. 2015ಕ್ಕೆ ಹದಿನೈದಾಯಿತು. ಇಷ್ಟೇ ಎಂಬ ಸಾಧನೆ ಬಂದದ್ದು 2017ರಲ್ಲಿ, ಕಂಪ್ಯೂಟರ್ ನೆರವಿನಿಂದ.

ಬಿಂದುರೇಖೆ:
ಇಬ್ಬರಿಗೂ ತುಂಬಾ ಧನ್ಯವಾದ. ಮಗಳ ಹೊಸ ಊಹೆ: ಕರ್ಣಗಳು ಸಮ ಇದ್ದು, ಲಂಬವಾಗಿ ದಾಟಿದರೆ ಅದು ಚೌಕ. ಬರೆದ ಮೇಲೆ ಎರಡು ಪೆನ್ಸಿಲ್ ಹಿಡಿದು ಕೂತಳು. ಒಂದರ ಮಧ್ಯಕ್ಕೆ ಇನ್ನೊಂದನ್ನು ಲಂಬವಾಗಿಟ್ಟು, ಮೇಲಿನದನ್ನು ಮೆಲ್ಲಗೆ ಜಾರಿಸಿದಳು. ಗಾಳಿಪಟದ ಆಕಾರ ಬಂತು. ಊಹೆಗೆ ತಾನೇ ಗೆರೆ ಹೊಡೆದು, ಕೆಳಗೆ ಮತ್ತೊಂದನ್ನು ಬರೆಯುತ್ತಿದ್ದಾಳೆ.