ಪದಚರ್ಚೆ: ‘ಭಿದುರ’ಕ್ಕೆ ‘ಪೆಡಸು’ ಅನ್ನಬಹುದೇ?

ಪ್ರಶ್ನೆ (ಕಲಬುರಗಿಯಿಂದ):
ಡಿಪ್ಲೊಮಾ ಹುಡುಗರಿಗಾಗಿ ಲೋಹಗಳ ಮುರಿತದ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಸಿದ್ಧವಾಗುತ್ತಿದೆ. ಪಠ್ಯದ ಕನ್ನಡದಲ್ಲಿ ಬ್ರಿಟಲ್ (ಬಾಗದೆ ಪಟ್ಟನೆ ಒಡೆಯುವುದು) ಎಂದರೆ ಭಿದುರ, ಡಕ್ಟೈಲ್ (ಮುರಿಯುವ ಮುನ್ನ ಚೆನ್ನಾಗಿ ಹಿಗ್ಗುವುದು) ಎಂದರೆ ತನ್ಯ. ವರ್ಕ್‌ಶಾಪಿನಲ್ಲಿ ಭಿದುರ ಅಂದರೆ ಯಾರಿಗೂ ತಿಳಿಯೋದಿಲ್ಲ, ಪೆಡಸು ಅಂದರೆ ತಿಳಿಯುತ್ತದೆ. ಪೆಡಸು ಎಂದೇ ಹಾಕಲೇ? ಟಫ್‌ನೆಸ್‌ಗೆ ‘ಗಟ್ಟಿತನ’ ಸಾಕೇ?

ಉತ್ತರ (ಬೀದರಿನಿಂದ):
ಪೆಡಸು ಬೇಡ ರೀ. ಬಗ್ಗದ್ದೂ ಪೆಡಸು, ಗೀರು ಬೀಳದ್ದೂ ಪೆಡಸು, ಪಟ್ಟನೆ ಒಡೆಯುವುದೂ ಪೆಡಸು. ಮೂರಕ್ಕೂ ಅಳತೆ ಬೇರೆ. ಬೋರ್ಡಿನ ಮೇಲೆ ಬರೆಯುವ ಚಾಕ್ ಉಗುರಿಗೇ ಗೀರಾಗುವಷ್ಟು ಮೆತ್ತಗೆ, ಆದರೂ ಅಪ್ಪಟ ಭಿದುರ. ಅದರ ಎರಡೂ ತುದಿ ಹಿಡಿದು ತಿರುಚಿ: ಮುರಿದ ಮುಖ 45 ಡಿಗ್ರಿಯಲ್ಲಿ ಸುರುಳಿ ಸುತ್ತಿರುತ್ತದೆ. ಮೆದು ಉಕ್ಕಿನ ಸಳಿಯನ್ನು ತಿರುಚಿದರೆ ಹಲವು ಸುತ್ತು ತಾಳಿಕೊಂಡು ಕೊನೆಗೆ ಅಡ್ಡಡ್ಡ ಸಪಾಟಾಗಿ ತುಂಡಾಗುತ್ತದೆ. ಚಾಕ್ ಎಳೆತಕ್ಕೆ ಸೋತದ್ದು, ಸಳಿ ಪದರ ಜಾರಿ ಸೋತದ್ದು. ಹುಡುಗರಿಗೆ ವ್ಯಾಖ್ಯೆಗಿಂತ ಮೊದಲು ಇದನ್ನು ತೋರಿಸಿ.

ಇನ್ನೊಂದು ಎಡವಟ್ಟು: ಭಿದುರ ಎನ್ನುವುದನ್ನು ಲೋಹದ ಜಾತಿ ಮಾಡಿಬಿಡುತ್ತೇವೆ. ಅದು ಆ ಹೊತ್ತಿನ ಸ್ಥಿತಿ. ನಮ್ಮ ಬಿದ್ರಿ ಪಾತ್ರೆಯನ್ನೇ ನೋಡಿ, ಬಹುಪಾಲು ಸತುವು, ಸ್ವಲ್ಪ ತಾಮ್ರ. ಎರಕದ ಹೂಜಿ ಪರಸಿ ಮೇಲೆ ಬಿದ್ದರೆ ಬಿರುಕು ಬಿಟ್ಟೀತು. ಅದರ ಗೆರೆಯಲ್ಲಿ ಕೂರಿಸಿದ ಬೆಳ್ಳಿ ತಂತಿ ಮಾತ್ರ ಸುತ್ತಿಗೆ ಏಟಿಗೆ ಹರಡಿ ಗೆರೆ ತುಂಬುತ್ತದೆ. ಆದರೆ ಬರೀ ಸತುವನ್ನು 100ರಿಂದ 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ತಗಡು ಎಳೆಯಬಹುದು. 200 ದಾಟಿಸಿದರೆ ಮತ್ತೆ ಒಡಕು ಗುಣ. ಅದರ ಷಟ್ಕೋನ ಹರಳಿನಲ್ಲಿ ಪದರ ಜಾರುವ ದಾರಿ ಕಡಿಮೆ, ಹದವಾದ ಬಿಸಿಗೆ ಇನ್ನಷ್ಟು ದಾರಿ ತೆರೆಯುತ್ತವೆ. ಹಾಗಾಗಿ ‘ಭಿದುರ ಲೋಹ’ ಬಿಡಿ, ‘ಭಿದುರ ಮುರಿತ’ ಅನ್ನಿ; ಜೊತೆಗೆ ಉಷ್ಣತೆ, ಏಟಿನ ವೇಗ, ಕಚ್ಚು ಇದೆಯೋ ಇಲ್ಲವೋ ಬರೆಯಿರಿ. ಕಚ್ಚು ಹಾಕಿದ ತುಂಡನ್ನು ತೂಗುವ ಸುತ್ತಿಗೆಯ ಒಂದೇ ಏಟಿಗೆ ಮುರಿದು ನೋಡುವುದು ಚಾರ್ಪಿ ಪರೀಕ್ಷೆ; ಅದರ ತುಂಡು 10 ಮಿಮೀ ದಪ್ಪ, 10 ಮಿಮೀ ಅಗಲ, 55 ಮಿಮೀ ಉದ್ದ. ನಡುವೆ 2 ಮಿಮೀ ಆಳದ ವಿ ಕಚ್ಚು. ಸಾದಾ ಉಕ್ಕು ಬೆಚ್ಚಗಿದ್ದಾಗ ಮುರಿದ ಮುಖ ಮಂಕಾಗಿ ನಾರುನಾರು. ಸಾಕಷ್ಟು ತಣ್ಣಗಾದಾಗ ಸಕ್ಕರೆ ಹರಳಿನಂತೆ ಮಿನುಗು.

ಗಟ್ಟಿತನ ಎಂದರೆ ಎಷ್ಟು ಭಾರ ತಡೆಯಿತು ಎಂಬುದು. ಟಫ್‌ನೆಸ್ ಎಂದರೆ ಮುರಿಯುವ ಮುನ್ನ ಎಷ್ಟು ಶಕ್ತಿ ನುಂಗಿತು ಎಂಬುದು. ಚಾರ್ಪಿಯಲ್ಲಿ ಅದರ ಲೆಕ್ಕ ಜೂಲ್‌ನಲ್ಲಿ. ಒಣ ತೊಗರಿ ಕಟಗಿ ಲಟ್ಟನೆ ಮುರಿಯುತ್ತದೆ, ಹಸಿಯದು ಬಾಗಿ, ಸೀಳಿ, ನಾರು ಬಿಟ್ಟರೂ ಕಳಚುವುದಿಲ್ಲ. ಟಫ್‌ನೆಸ್‌ಗೆ ‘ಜಿಗುಟುತನ’ ನನಗೆ ಒಪ್ಪಿಗೆ. ಅಂಟು ಎಂಬ ಅರ್ಥವೂ ಇದೆ ಎಂದು ತಕರಾರು ಬರಬಹುದು, ಬರಲಿ.

ಭಾರ ಮತ್ತೆ ಮತ್ತೆ ಬಿದ್ದು ಸೋಲುವ ಫಟೀಗ್‌ಗೆ ದಣಿವು, ಭಾರದಡಿ ನಿಧಾನಕ್ಕೆ ಹಿಗ್ಗುತ್ತಾ ಹೋಗುವ ಕ್ರೀಪ್‌ಗೆ ತೆವಳು ನಡೆಯುತ್ತವೆ. ಪದವೇ ಇಲ್ಲದ್ದು ಸ್ಟ್ರೇನ್ ಏಜಿಂಗ್‌ಗೆ. ಬಗ್ಗಿಸಿ ಬಿಟ್ಟ ಸಳಿಯನ್ನು ಕೆಲವು ತಿಂಗಳ ಮೇಲೆ ನೆಟ್ಟಗೆ ಮಾಡಹೋದರೆ ಮುರಿಯುವುದುಂಟು. ಬಾಗಿದ ಕಡೆ ಉಕ್ಕಿನೊಳಗಿನ ನೈಟ್ರೋಜನ್ ಜಾರುದಾರಿಗಳನ್ನು ಕಟ್ಟಿಹಾಕಿರುತ್ತದೆ. ಕಾಂಕ್ರೀಟಿನ ಸಳಿಗಳ ಭಾರತೀಯ ಮಾನಕ ಐಎಸ್ 1786ರ ಮರುಬಾಗು ಪರೀಕ್ಷೆ ಇದಕ್ಕೇ: ಒಳಕೋನ 135 ಡಿಗ್ರಿ ಆಗುವಂತೆ ಬಗ್ಗಿಸಿ, ಕುದಿಯುವ ನೀರಿನಲ್ಲಿ 30 ನಿಮಿಷ ಇಟ್ಟು, ಆರಿಸಿ, 157.5 ಡಿಗ್ರಿಗೆ ಹಿಂದಕ್ಕೆ ಬಗ್ಗಿಸಬೇಕು. ‘ಬಾಗುಮುಪ್ಪು’ ಎಂದು ಕರೆದರೆ ಹೇಗೆ?